ತೇಪೆಯ ನ್ಯಾಯ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮನ್ನು ಬಿಡುವಿನ ಒಂದೇ ದಿನದಲ್ಲಿ ನೋಡಿ ಮುಗಿಸಲಾಗದು. ನಾನಂತೂ ಅರ್ದಬಿಲ್ ರತ್ನಗಂಬಳಿಯ ಮುಂದೆಯೇ ನಿಂತುಬಿಟ್ಟೆ. ಹತ್ತು ಮೀಟರಿಗೂ ಹೆಚ್ಚು ಉದ್ದ. ಬಣ್ಣ ಮಾಸದಿರಲೆಂದು ಬೆಳಕು ಮಂದ. ಒಂದು ತುದಿಯ ಫಾರಸಿ ಅಕ್ಷರಗಳನ್ನು ಉರ್ದು ಕಲಿತ ಕಣ್ಣು ಕೂಡಿಸಿ ಓದಿತು: ಮಕ್ಸೂದ್ ಕಾಶಾನಿ, ಹಿಜರಿ 946. ಅಂದರೆ 1539-40. ಇರಾನಿನ ಶೇಖ್ ಸಫಿಯುದ್ದೀನರ ದರ್ಗಾದಲ್ಲಿದ್ದ ಇದನ್ನು 1893ರಲ್ಲಿ ಮ್ಯೂಸಿಯಂ ಎರಡು ಸಾವಿರ ಪೌಂಡಿಗೆ ಕೊಂಡಿತು.

ಕದ್ದದ್ದಲ್ಲ, ಕೊಂಡದ್ದು. ಆದರೂ ಮನಸ್ಸು ಒಪ್ಪುವುದಿಲ್ಲ. ಇದಕ್ಕೊಂದು ಜೊತೆಯಿತ್ತು. ಇದರ ಹರಕಿಗೆ ತೇಪೆ ಹಾಕಲು ಅದನ್ನು ಕತ್ತರಿಸಿದರು. ಅಂಚು ಕಳೆದುಕೊಂಡ ಆ ಜೊತೆ ಈಗ ಲಾಸ್ ಏಂಜಲೀಸ್‌ನಲ್ಲಿದೆ. ಒಂದನ್ನು ಉಳಿಸಲು ಇನ್ನೊಂದನ್ನು ಕೊಯ್ಯುವುದು ರಕ್ಷಣೆಯೇ? ಇಡಿಯಾದದ್ದಕ್ಕೇ ಹೆಚ್ಚು ಬೆಲೆಯೆಂಬುದು ವ್ಯಾಪಾರಿಯ ಲೆಕ್ಕ. ನೋಡುವವರೂ ಅದನ್ನೇ ಒಪ್ಪಬೇಕೆ? ಹರಿದ ಎರಡನ್ನೂ ಪಕ್ಕಪಕ್ಕ ಹಾಸಿದ್ದರೆ ನಾನು ಇನ್ನಷ್ಟು ಹೊತ್ತು ನಿಲ್ಲುತ್ತಿದ್ದೆ.