95 ಎಚ್‌ಪಿ ಎಲ್ಲಿ, 7 ಎಚ್‌ಪಿ ಎಲ್ಲಿ

ಅಮೆರಿಕದ ಅಟ್ಲಾಂಟಾದಲ್ಲಿ ರೇ ಆಂಡರ್ಸನ್ ಎಂಬ ಉದ್ಯಮಿ ಇದ್ದರು. 1973ರಲ್ಲಿ ಅವರು ಕಟ್ಟಿದ ಇಂಟರ್‌ಫೇಸ್ ಕಂಪನಿ ಕಚೇರಿಗಳ ನೆಲಕ್ಕೆ ಹಾಸುವ ಕಾರ್ಪೆಟ್ ಟೈಲ್ ತಯಾರಿಸುತ್ತದೆ. ‘ಪರಿಸರಕ್ಕಾಗಿ ನಿಮ್ಮ ಕಂಪನಿ ಏನು ಮಾಡುತ್ತಿದೆ?’ ಎಂದು ಗಿರಾಕಿಗಳು 1994ರಲ್ಲಿ ಕೇಳತೊಡಗಿದರು. ಕಾನೂನು ಹೇಳಿದಷ್ಟು ಮಾಡುತ್ತೇವೆ ಎನ್ನುವುದನ್ನು ಬಿಟ್ಟರೆ ಆಂಡರ್ಸನ್ ಬಳಿ ಉತ್ತರವಿರಲಿಲ್ಲ. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಪಾಲ್ ಹಾಕನ್ ಬರೆದ ‘ದಿ ಇಕಾಲಜಿ ಆಫ್ ಕಾಮರ್ಸ್’. ಅರವತ್ತರ ಮನುಷ್ಯ ಅದನ್ನು ಓದಿ ಅತ್ತುಬಿಟ್ಟರು. ಭೂಮಿಯನ್ನು ಲೂಟಿ ಮಾಡಿದವರಲ್ಲಿ ತಾವೂ ಒಬ್ಬರು ಎಂದು ಮುಂದೆ ವೇದಿಕೆ ಮೇಲೇ ಒಪ್ಪಿಕೊಂಡರು.

ಅತ್ತರೆ ಹೊಗೆ ಕಡಿಮೆಯಾಗುವುದಿಲ್ಲವಲ್ಲ. ಅವರ ಸರಕಿನ ನೈಲಾನ್ ನೂಲು ಬರುವುದೇ ಪೆಟ್ರೋಲಿಯಂನಿಂದ. ಅಂಥ ಕಂಪನಿ 2020ರೊಳಗೆ ಪರಿಸರಕ್ಕೆ ಮಾಡುವ ಹಾನಿಯನ್ನು ಸೊನ್ನೆಗೆ ಇಳಿಸಬೇಕು ಎಂದು ಹೊರಟಾಗ, ಯಜಮಾನರಿಗೆ ತಲೆ ಕೆಟ್ಟಿದೆ ಎಂದುಕೊಂಡವರೂ ಇದ್ದರು.

ಶಾಂಘೈನಲ್ಲಿ ಅವರದೊಂದು ಕಾರ್ಖಾನೆ ಏಳುತ್ತಿತ್ತು. ಅಲ್ಲಿ ಬಿಸಿ ದ್ರವವನ್ನು ಸುತ್ತಿಸಲು ಒಟ್ಟು 95 ಎಚ್‌ಪಿ ಪಂಪುಗಳು ಬೇಕೆಂದು ಹೆಸರಾಂತ ವಿನ್ಯಾಸಗಾರರು ನಕ್ಷೆ ಕೊಟ್ಟಿದ್ದರು. ಕಂಪನಿಯ ಎಂಜಿನಿಯರ್ ಯಾನ್ ಶಿಲ್‌ಹಾಮ್ ನಕ್ಷೆಯನ್ನು ತಿರುವುಮುರುವು ಮಾಡಿದರು. ಮೊದಲು ಪೈಪುಗಳಿಗೆ ನೇರ, ಹತ್ತಿರದ ದಾರಿ ಹಾಕಿದರು. ಯಂತ್ರಗಳನ್ನು ಆಮೇಲೆ ಅದಕ್ಕೆ ಹೊಂದಿಸಿ ಕೂರಿಸಿದರು. ಪೈಪಿನ ಗಾತ್ರವನ್ನೂ ಹೆಚ್ಚಿಸಿದರು. ಕೆಲಸಕ್ಕೆ 7 ಎಚ್‌ಪಿ ಸಾಕಾಯಿತು. ಬೋರ್‌ವೆಲ್ ನೀರನ್ನು ಸಣ್ಣ ಪೈಪಿನಲ್ಲಿ, ಹತ್ತಾರು ಬೆಂಡ್ ಹಾಕಿ ಎಳೆದ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೋಟರ್ ಏದುಸಿರು ಬಿಡುವುದನ್ನು ಅವರು ದಿನಾ ಕೇಳುತ್ತಾರೆ.

ಇಷ್ಟು ವಿಜ್ಞಾನ ಎಂಜಿನಿಯರುಗಳಿಗೆಲ್ಲ ಗೊತ್ತಿದ್ದದ್ದೇ. ಆದರೆ ಪೈಪು ಕೊಳ್ಳುವ ವಿಭಾಗ ಒಂದು, ಕರೆಂಟ್ ಬಿಲ್ ಕಟ್ಟುವ ವಿಭಾಗ ಇನ್ನೊಂದು. ಪೈಪಿನಲ್ಲಿ ಉಳಿಸಿದವನಿಗೆ ಶಹಬ್ಬಾಸ್ ಸಿಗುತ್ತದೆ, ಬಿಲ್ಲು ಮಾತ್ರ ಇಪ್ಪತ್ತು ವರ್ಷ ಬರುತ್ತಲೇ ಇರುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ತರಿಸಿ ಕೇಳುವ ಅಧಿಕಾರ ಇರುವುದು ಮೇಲಿನ ಕುರ್ಚಿಗೆ. ಹವಾಮಾನದ ವಿಷಯದಲ್ಲಿ ಉದ್ಯಮಿಯ ಪಾತ್ರ ಏನೆಂದರೆ ನನ್ನ ಮಟ್ಟಿಗೆ ಇದೇ. ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಯಾರ ಕೈಲಾದರೂ ಆಗುತ್ತದೆ.

2009ರ ಹೊತ್ತಿಗೆ ಕಂಪನಿಯ ಹಸಿರುಮನೆ ಅನಿಲ ಶೇ 82ರಷ್ಟು ಇಳಿದಿದೆ, ಲಾಭ ದುಪ್ಪಟ್ಟಾಗಿದೆ ಎಂದು ಆಂಡರ್ಸನ್ ಲೆಕ್ಕ ಕೊಟ್ಟರು. 2011ರಲ್ಲಿ ಅವರು ತೀರಿಕೊಂಡರು. ಗುರಿ ತಲುಪಿದ್ದೇವೆ ಎಂದು ಕಂಪನಿ ಘೋಷಿಸಿದ್ದು 2019ರಲ್ಲಿ.

ನಮ್ಮ ಬೆಂಗಳೂರಿನ ಇನ್ಫೊಸಿಸ್ ಕೂಡ ತನ್ನ ಹೈದರಾಬಾದ್ ಕ್ಯಾಂಪಸ್ಸಿನ ಒಂದು ಕಟ್ಟಡವನ್ನು ಎರಡು ಪಾಲು ಮಾಡಿ ಪರೀಕ್ಷೆಗಿಟ್ಟಿತ್ತು. ಒಂದು ಪಾಲಿಗೆ ಮಾಮೂಲಿ ಎಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಪೈಪು ಹಾಯಿಸಿ, ತಣ್ಣೀರು ಹರಿಸಿ ಕೋಣೆ ತಂಪು ಮಾಡಿದರು. ಎರಡನೆಯದಕ್ಕೆ ಸುಮಾರು ಮೂರನೇ ಒಂದರಷ್ಟು ಕಡಿಮೆ ಕರೆಂಟ್ ಸಾಕಾಯಿತು. ಕಟ್ಟಡ ನಮ್ಮದೇ, ಮೀಟರೂ ನಮ್ಮದೇ ಆದಾಗ ವಾದಕ್ಕೆ ಎಡೆ ಎಲ್ಲಿ?

ಎಲ್ಲ ಯಜಮಾನರೂ ಆಂಡರ್ಸನ್ ಆಗಲಿ ಎಂದು ಕಾಯುತ್ತ ಕೂರಲಾಗದು, ಕಾನೂನಿನ ಬಿಗಿಯೂ ಬೇಕು. ದೇಶದ ಮುಂಚೂಣಿಯ 1,000 ಲಿಸ್ಟೆಡ್ ಕಂಪನಿಗಳು 2022–23ರಿಂದ ತಮ್ಮ ಪರಿಸರದ ಲೆಕ್ಕವನ್ನೂ ಒಪ್ಪಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ಸ್ವಂತ ಚಿಮಣಿಯ ಹೊಗೆ, ಕೊಂಡ ಕರೆಂಟಿನ ಹಿಂದಿನ ಹೊಗೆ ಎರಡೂ ಅದರಲ್ಲಿ ಇರುತ್ತವೆ. ನಿಮ್ಮ ಹತ್ತಿರ ಯಾವುದಾದರೂ ಕಂಪನಿಯ ಹತ್ತು ಷೇರು ಇದ್ದರೂ ನೀವು ಅದರ ಒಬ್ಬ ಯಜಮಾನರೇ. ಈ ಸಲ ವಾರ್ಷಿಕ ವರದಿ ಬಂದಾಗ ಡಿವಿಡೆಂಡ್ ನೋಡಿ ಮುಚ್ಚಿಡಬೇಡಿ, ಆ ಪುಟವನ್ನೂ ತೆಗೆದು ಹೋದ ವರ್ಷದ ಅಂಕಿಯ ಜೊತೆ ಇಟ್ಟು ನೋಡಿ. ಏರಿದ್ದರೆ ಷೇರುದಾರರ ಸಭೆಯಲ್ಲಿ ಎದ್ದು ನಿಂತು ಕೇಳಿ.