ನೀರಿನ ಋಣ ಯಾರ ಮೇಲೆ?

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆನಿಸಿತ್ತು. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಊರೇ ದವಸ ಅಳೆದು ಕೊಡುತ್ತಿತ್ತು. ಆ ವ್ಯವಸ್ಥೆ ಜಾತಿಯ ಶ್ರೇಣಿಯನ್ನೂ ಹೊತ್ತಿದ್ದರಿಂದ ಅದನ್ನು ಹಾಗೆಯೇ ಕೊಂಡಾಡುವಂತಿಲ್ಲ. ಆದರೂ ನೀರು ಪಡೆದವನ ಮೇಲೆ ನೆರೆಯವನ ಋಣವಿದೆಯೆಂಬುದನ್ನು ಅದು ಒಪ್ಪಿಕೊಂಡಿತ್ತು. ಕೊಳವೆಬಾವಿ ಈ ಋಣವನ್ನು ಅಳಿಸಿತು. ಟೊಮೆಟೊ ಬೆಳೆಗಾರನೊಬ್ಬ ಇನ್ನೂ ಆಳಕ್ಕೆ ಕೊರೆಸಿದಾಗ ಪಕ್ಕದ ಬಾವಿ ಬತ್ತಿದರೂ ಆ ನಷ್ಟ ಮಂಡಿಯ ಹರಾಜಿನ ಬೆಲೆಯಲ್ಲಿ ಸೇರುವುದಿಲ್ಲ. ವ್ಯವಹಾರದ ಹೊರಗಿನವನ ಮೇಲೆ ಬೀಳುವ ಇಂಥ ವೆಚ್ಚವನ್ನು ಬೆಲೆಯು ಲೆಕ್ಕಕ್ಕೆ ತಾರದಿರುವುದು ಅರ್ಥಶಾಸ್ತ್ರ ಹೇಳುವ ಮಾರುಕಟ್ಟೆ ವೈಫಲ್ಯಗಳಲ್ಲೊಂದು. ಅದನ್ನು ತಿದ್ದಬೇಕಾದ ಸರ್ಕಾರ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಡುತ್ತಲೇ ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯನ್ನೂ ತಂದಿತು. ಹಿಂದೆ ಹೆಚ್ಚು ನೀರು ಹೀರುವ ನೀಲಗಿರಿಯನ್ನು ನೆಡಲು ಉತ್ತೇಜಿಸಿದ್ದೂ ಇದೇ ಸರ್ಕಾರ. ಪರಿಹಾರವೆಂದು ಕೈಗೊಂಡ ಕ್ರಮವೇ ಕೇಡನ್ನು ಬೆಳೆಸಿದರೆ ಅದು ಸರ್ಕಾರದ ವೈಫಲ್ಯ. ಇಲ್ಲಿ ಅದು ಮಾರುಕಟ್ಟೆ ವೈಫಲ್ಯದ ಬೆನ್ನ ಮೇಲೇ ಬೆಳೆದಿದೆ. ಈಗ ಋಣದ ಪ್ರಶ್ನೆ ಹೊಸ ರೂಪದಲ್ಲಿ ಮರಳಿದೆ: 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದೆ. ಮೂರನೆಯ ಹಂತದ ಶುದ್ಧೀಕರಣಕ್ಕಾಗಿ ರೈತರು ಒತ್ತಾಯಿಸುತ್ತಿರುವಾಗ, ಋಣಿ ಯಾರು, ಕೊಟ್ಟ ನಗರವೋ ಪಡೆದ ಹಳ್ಳಿಯೋ ಎಂಬುದೇ ವಿವಾದವಾಗಿದೆ.