ಗಿರಣಿಯನ್ನು ಬೆಳೆಸಿದ ಶಾಸನದ ಹೊಣೆ

ಇಂಗ್ಲೆಂಡಿನ ಹತ್ತಿ ಗಿರಣಿಗಳ ಏಳಿಗೆಯನ್ನು ವರ್ಣಿಸುವವರು ಹಲವೊಮ್ಮೆ ರಿಚರ್ಡ್ ಆರ್ಕ್‌ರೈಟ್‌ನಂತಹ ಸಾಹಸಿಗಳ ಜಾಣ್ಮೆಯನ್ನು ಕೊಂಡಾಡಿ, ಸರ್ಕಾರವು ದೂರ ಉಳಿದುದೇ ಅದಕ್ಕೆ ಕಾರಣವೆಂದು ತೀರ್ಮಾನಿಸುತ್ತಾರೆ. ಶಾಸನಗಳು ನುಡಿಯುವ ಸಾಕ್ಷ್ಯವೇ ಬೇರೆ.

ಭಾರತದ ಬಣ್ಣದ ಹತ್ತಿಬಟ್ಟೆಗೆ ಅಲ್ಲಿನ ಜನ ಮನಸೋತಾಗ ಉಣ್ಣೆ, ರೇಷ್ಮೆಗಳ ನೇಕಾರರು ಸಿಡಿದೆದ್ದರು. ಪಾರ್ಲಿಮೆಂಟು 1700ರಲ್ಲಿ ಅಂತಹ ಬಟ್ಟೆಯ ದೇಶೀಯ ಬಳಕೆಯನ್ನು ತಡೆಯಿತು. 1721ರಲ್ಲಿ ಬಹುಪಾಲು ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೇ ನಿಷೇಧಿಸಿತು. ಇಲ್ಲಿಯ ನೇಕಾರನಿಗೆ ಆ ಸಭೆಯಲ್ಲಿ ದನಿಯಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಹಾಸಿಗೆ ಅಗಸೆನಾರು, ಹೊಕ್ಕಿಗೆ ಹತ್ತಿ ಬಳಸಿದ ಬಟ್ಟೆಗೆ 1736ರಲ್ಲಿ ವಿನಾಯಿತಿ ದೊರೆಯಿತು. ಈ ಆಸರೆಯಲ್ಲಿಯೇ ಲ್ಯಾಂಕಶೈರ್ ಬೆಳೆಯಿತು. ಆರ್ಕ್‌ರೈಟ್ ಮತ್ತು ಅವನ ಪಾಲುದಾರರ ಮನವಿಯ ಮೇರೆಗೆ 1774ರಲ್ಲಿ ಸ್ವದೇಶದಲ್ಲಿ ತಯಾರಾದ ಶುದ್ಧ ಹತ್ತಿಬಟ್ಟೆಗೆ ಅನುಮತಿ ಬಂದಿತು. ಗುರುತಿಗಾಗಿ ಅಂಚಿನಲ್ಲಿ ಮೂರು ನೀಲಿ ಎಳೆಗಳಿರಬೇಕೆಂದು ವಿಧಿಸಲಾಯಿತು. ರೇಷ್ಮೆಗೂ ಇಂತಹದೇ ಕೃಪೆ: ಡರ್ಬಿಯ ಗಿರಣಿಯ ಥಾಮಸ್ ಲೋಂಬ್‌ಗೆ 1732ರಲ್ಲಿ 14,000 ಪೌಂಡುಗಳ ಪಾರಿತೋಷಕ ಸಂದಿತು. ಯಂತ್ರ ಒಡೆದವರಿಗೆ 1812ರಲ್ಲಿ ಮರಣದಂಡನೆಯನ್ನೂ ಗೊತ್ತುಮಾಡಲಾಯಿತು.

ಸ್ವದೇಶದ ಉದ್ಯಮಕ್ಕೆ ಆಸರೆಯೀಯುವುದು ತನ್ನಷ್ಟಕ್ಕೆ ದೋಷವೆಂದು ನಾನು ಹೇಳಲಾರೆ. ಅನೇಕ ದೇಶಗಳು ಹಾಗೆಯೇ ನಡೆದಿವೆ. ಆದರೆ ಆ ಗಿರಣಿಗಳಲ್ಲಿ ದುಡಿದವರಾರು? ನದಿದಂಡೆಯ ಒಂಟಿ ಗಿರಣಿಗಳಿಗೆ ಕೈಗಳು ಸಾಲದಾದಾಗ, ಬಡವರ ಪೋಷಣೆಗೆಂದು ನೇಮಕವಾದ ಊರಾಡಳಿತದವರೇ ಅನಾಥ ಮಕ್ಕಳನ್ನು ಕರಾರಿಗೆ ಕಟ್ಟಿ ಕಳುಹಿಸಿದರು. ದುಡಿಸಿಕೊಂಡವನು ಮಾಲೀಕ, ನಿಜ. ಒಪ್ಪಿಸಿದವರು ಯಾರು? ಕಂಡೂ ಅನುಮೋದಿಸಿದವರು ಯಾರು? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ತೂಗಿ ನೋಡುವವರಿಗೆ, ಮಾಲೀಕನೊಬ್ಬನನ್ನೇ ದೂರಿ ಸುಮ್ಮನಾಗುವುದು ಸಾಧ್ಯವಾಗದು.

ಸರ್ಕಾರಕ್ಕೆ ಶಕ್ತಿಯಿರಲಿಲ್ಲವೆಂಬ ಸಮಾಧಾನವೂ ನಿಲ್ಲುವುದಿಲ್ಲ. ಬಟ್ಟೆಯಂಚಿನ ಎಳೆಗಳನ್ನು ಎಣಿಸಿ ಶಾಸನ ಬರೆದವರಿಗೆ ಮಗುವಿನ ದುಡಿಮೆಯ ಗಂಟೆಗಳನ್ನು ಎಣಿಸುವುದು ಅಸಾಧ್ಯವಾಗಿತ್ತೆ? 1802ರ ಶಾಸನವು ಕರಾರಿನ ಮಕ್ಕಳ ದುಡಿಮೆಯನ್ನು ದಿನಕ್ಕೆ 12 ಗಂಟೆಗಳಿಗೆ ಮಿತಿಗೊಳಿಸಿತಾದರೂ, ಉಸ್ತುವಾರಿಯನ್ನು ಸ್ಥಳೀಯ ನ್ಯಾಯಾಧಿಕಾರಿಗಳಿಗೆ ಬಿಟ್ಟುದರಿಂದ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಸರ್ಕಾರಿ ತನಿಖಾಧಿಕಾರಿಗಳು ಬಂದುದು 1833ರ ಶಾಸನದಿಂದ. ಇಡೀ ದೇಶಕ್ಕೆ ನಾಲ್ವರು. 9 ವರ್ಷ ತುಂಬದವರನ್ನು ದುಡಿಸಬಾರದೆಂದೂ, 9ರಿಂದ 13ರವರೆಗಿನವರಿಗೆ ವಾರಕ್ಕೆ 48 ಗಂಟೆಗಳೆಂದೂ ಅದು ಕಟ್ಟು ಹಾಕಿತು. ಆದರೆ ನೂರು ವರ್ಷಗಳ ಹಿಂದೆ 14,000 ಪೌಂಡುಗಳ ಮನ್ನಣೆ ಪಡೆದ ರೇಷ್ಮೆ ಉದ್ಯಮವನ್ನು, 9 ವರ್ಷದ ಆ ನಿಷೇಧದಿಂದ ಹೊರಗಿರಿಸಲಾಯಿತು.